ಮಾತು ಬಾರದ ವಾದಿ

ನ್ಯಾಯಸ್ಥಾನದಲ್ಲಿ ದಾವೆ ಹೂಡಿದವನನ್ನು ವಾದಿ ಎಂದು ಕರೆಯುವುದು ರೂಢಿ. ವಾದಿ ಎಂದರೆ ಹೇಳುವವನು, ಮಾತನಾಡುವವನು. ಈ ಹೆಸರಿಗೆ ಒಗ್ಗದ ವಾದಿಯೊಬ್ಬನಿದ್ದಾನೆ. ಹೆರಿಗೆಯ ಹೊತ್ತಿನಲ್ಲೋ, ಹುಟ್ಟಿದ ಮೊದಲ ಕೆಲವು ವಾರಗಳಲ್ಲೋ ವೈದ್ಯರ ಕೈಯಲ್ಲಿ ಪೆಟ್ಟಾಯಿತೆಂದು ಯಾರ ಪರವಾಗಿ ದಾವೆ ಹೂಡುತ್ತಾರೋ ಆ ಹಸುಗೂಸು. ಘಟನೆ ನಡೆದದ್ದು ಅದರ ಮೈಮೇಲೆ. ಆದರೆ ಅದನ್ನು ಕೇಳುವಂತಿಲ್ಲ. ಮಾತು ಕಲಿತ ಮೇಲೆ ಕೇಳಿದರೂ ಅದಕ್ಕೆ ನೆನಪಿಲ್ಲ. ಅದರ ಬದಲು ಉಳಿದವರು ಮಾತನಾಡಬೇಕು: ನೋವಿನಲ್ಲಿ ಅರ್ಧ ಎಚ್ಚರ ತಪ್ಪಿದ್ದ ತಾಯಿ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನಂಟರು, ಹೆಸರನ್ನೂ ಕೆಲಸವನ್ನೂ ಉಳಿಸಿಕೊಳ್ಳಬೇಕಾದ ವೈದ್ಯರು, ದಾದಿಯರು. ಇವರಲ್ಲಿ ಒಬ್ಬರಾದರೂ ಕಂಡದ್ದನ್ನು ಕಂಡಷ್ಟೇ ಹೇಳಬಲ್ಲರೆ? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಕಾಡುವುದಕ್ಕೆ ಕಾರಣವೂ ಇದೆ. ಆ ಬೆಂಚಿನ ಮೇಲೆ ಒಮ್ಮೆ ನಾನೂ ಕುಳಿತಿದ್ದೆ.

1997ರ ಮಳೆಗಾಲ. ನನ್ನ ತಂಗಿಯ ಚೊಚ್ಚಲ ಹೆರಿಗೆ, ನಮ್ಮ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ. ಸಂಜೆ ನೋಡಿಹೋಗಿದ್ದ ಡಾಕ್ಟರಮ್ಮ ಮನೆಗೆ ತೆರಳಿದ್ದರು. ಹತ್ತು ಗಂಟೆಯಾದ ಮೇಲೆ ನೋವು ಬಲವಾಯಿತು. ಅಮ್ಮ ಹೆರಿಗೆ ಕೋಣೆಯ ಬಾಗಿಲಿನ ಹತ್ತಿರ ನಿಂತಿದ್ದಳು, ನಾನು ಹೊರಗೆ ಪೋರ್ಟಿಕೋದ ಬೆಂಚಿನ ಮೇಲೆ. ಮಗುವಿನ ತಲೆ ಬಂದು ಭುಜ ಸಿಕ್ಕಿಕೊಂಡಿತಂತೆ. ಮಗು ಉಳಿಯಿತು, ತಾಯಿ ಉಳಿದಳು, ಮಗುವಿನ ಬಲತೋಳು ಮಾತ್ರ ಮೇಲೇಳಲಿಲ್ಲ. ಕತ್ತಿನಿಂದ ತೋಳಿಗೆ ಇಳಿಯುವ ನರಗಳು ಜಗ್ಗಿವೆ, ಎಷ್ಟೋ ಮಕ್ಕಳಿಗೆ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ ಎಂದರು. ಎಷ್ಟೋ ಮಕ್ಕಳಿಗೆ ಸರಿಹೋಗುವುದು ನಿಜ. ನಮ್ಮ ಹುಡುಗನಿಗೆ ಪೂರ್ತಿ ಸರಿಹೋಗಲಿಲ್ಲ.

ಕೇಸ್ ಶೀಟಿನಲ್ಲಿ ಹೆರಿಗೆಯ ಹೊತ್ತಿಗೆ ಡಾಕ್ಟರಮ್ಮ ಹಾಜರಿದ್ದರೆಂದು ಬರೆದಿತ್ತು. ನಮ್ಮ ಮನೆಯಲ್ಲಿ ಬೇರೆ ಕತೆ. ಮಗು ಅತ್ತ ಮೇಲೆ ಅವರ ಕಾರು ಬಂತು, ಮಗುವನ್ನು ಎಳೆದವಳು ಯಾರೋ ನರ್ಸು ಎಂದು ನಾವೆಲ್ಲ ನಂಬಿದ್ದೆವು. ಕಾರಿನ ಸದ್ದನ್ನು ಕೇಳಿದವನು ನಾನು. ಆದ್ದರಿಂದ ಇಡೀ ಮೊಕದ್ದಮೆಗೆ ನಾನೇ ಮುಖ್ಯ ಸಾಕ್ಷಿ.

ವೈದ್ಯರ ಸೇವೆಯೂ ಗ್ರಾಹಕರ ಕಾಯಿದೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿತ್ತು. ತಂಗಿಯ ಗಂಡನ ಕಡೆಯ ಹಿರಿಯ ವಕೀಲರೊಬ್ಬರು ಕಾಗದಗಳನ್ನೆಲ್ಲ ಓದಿ, ನನ್ನನ್ನು ಎದುರಿಗೆ ಕೂರಿಸಿಕೊಂಡರು.

“ಕಾರು ಬಂದದ್ದು ಮಗು ಅತ್ತ ಮೇಲೆ. ಖಂಡಿತ ತಾನೆ?”

“ಖಂಡಿತ.”

“ಆಗ ಕರೆಂಟು ಇತ್ತೋ?”

“ಇರಲಿಲ್ಲ. ಮಳೆ.”

“ಹಾಗಾದರೆ ಜನರೇಟರು ಓಡುತ್ತಿರಬೇಕಲ್ಲ?”

“ಓಡುತ್ತಿತ್ತು.”

“ಎಲ್ಲಿಟ್ಟಿದ್ದರು ಅದನ್ನು?”

ನಾನು ಕುಳಿತಿದ್ದ ಬೆಂಚಿನ ಹಿಂದಿನ ಗೋಡೆಗೆ ಒತ್ತಿಕೊಂಡೇ ಅದು ಇತ್ತು. ಹಾಗೆಂದು ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, “ಪಾಟೀಸವಾಲಿನಲ್ಲಿ ಇಷ್ಟು ಸಾಕು” ಎಂದರು. ಅಫಿಡವಿಟ್ಟನ್ನು ಮಾತ್ರ ಸಿದ್ಧಮಾಡಿ ಕೊಟ್ಟರು, ಯೋಚಿಸಿ ರುಜು ಹಾಕಿ ಎಂದು.

ಯೋಚಿಸಿದೆ. ಯೋಚಿಸಿದಷ್ಟೂ ನನ್ನ ನೆನಪು ಒಡೆಯುತ್ತ ಹೋಯಿತು. ಆ ರಾತ್ರಿ ನಾನು ಒಂದು ಕಾರಿನ ಸದ್ದು ಕೇಳಿದ್ದೇನೆ. ಒಂದು ಅಳುವನ್ನೂ ಕೇಳಿದ್ದೇನೆ. ಯಾವುದು ಮೊದಲು? ಮಾರನೆಯ ದಿನ ನಾನು “ಕಾರು ಬಂದದ್ದು ಗೊತ್ತಾಯಿತು” ಎಂದಾಗ ಅಮ್ಮ “ಅಷ್ಟು ಹೊತ್ತಿಗೆ ಮಗು ಅತ್ತಾಗಿತ್ತು” ಎಂದು ಸೇರಿಸಿದ್ದಳೇನೋ. ಬಂದವರಿಗೆಲ್ಲ ಹೇಳಿ ಹೇಳಿ ಎರಡು ಮಾತೂ ಒಂದಾಗಿ, ಆ ಒಂದು ಮಾತು ನನ್ನದೇ ಆಗಿಬಿಟ್ಟಿತ್ತು. ನಾನು ಸುಳ್ಳು ಹೇಳುತ್ತಿರಲಿಲ್ಲ, ಕೇಳಿದ್ದೇನೆಂದೇ ನಂಬಿದ್ದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಎಷ್ಟೋ ಸಲ ಇನ್ನೊಬ್ಬರಿಗೆ ಹೇಳಿದ್ದೆ. ಅದು ನನ್ನ ಕಿವಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ. ನಾನು ರುಜು ಹಾಕಲಿಲ್ಲ. ದಾವೆ ಹೂಡುವ ಎರಡು ವರ್ಷದ ಗಡುವು ಸದ್ದಿಲ್ಲದೆ ಕಳೆದುಹೋಯಿತು.

ಅಂದಿನಿಂದ ಇಂಥ ಮೊಕದ್ದಮೆಗಳ ವರದಿಗಳನ್ನು ಹುಡುಕಿ ಓದುವುದು ನನಗೊಂದು ಗೀಳಾಯಿತು. ಇಂಗ್ಲೆಂಡಿನದೊಂದು ಮೊಕದ್ದಮೆಯನ್ನಂತೂ ಎಷ್ಟು ಸಲ ಓದಿದ್ದೇನೆಂದು ಲೆಕ್ಕವಿಟ್ಟಿಲ್ಲ. ಕಾನೂನು ಓದುವ ಹುಡುಗರಿಗೆ ಅದರ ಹೆಸರು ಬಾಯಿಪಾಠ. ಮಗುವಿನ ಮನೆತನದ ಹೆಸರಾದ್ದರಿಂದ ಇಲ್ಲಿ ಬರೆಯಲು ಮನಸ್ಸಾಗದು. 1970ರ ಜನವರಿ. ಬರ್ಮಿಂಗ್‌ಹ್ಯಾಮಿನ ಹೆರಿಗೆ ಆಸ್ಪತ್ರೆ. ತಾಯಿ ಐದಡಿಯೂ ಎತ್ತರವಿಲ್ಲದ ಹೆಂಗಸು. ಹೆರಿಗೆ ಕಷ್ಟವಾಗಬಹುದೆಂದು ಮೊದಲೇ ಗೊತ್ತಿತ್ತು. ದೀರ್ಘಕಾಲ ನೋವು ತಿಂದ ಮೇಲೆ, ಹಿರಿಯ ರಿಜಿಸ್ಟ್ರಾರ್ ಆಗಿದ್ದ ವೈದ್ಯ ಫೋರ್ಸೆಪ್ಸ್ ಎಂಬ ಇಕ್ಕುಳ ಹಾಕಿ ಐದಾರು ಸಲ ಎಳೆದು ನೋಡಿದ. ಮಗು ಇಳಿಯಲಿಲ್ಲ. ಎಳೆಯುವುದನ್ನು ಬಿಟ್ಟು ಬೇಗನೆ ಹೊಟ್ಟೆ ಕೊಯ್ದು ತೆಗೆದ. ಮಗುವಿನ ಮಿದುಳಿಗೆ ಉಸಿರಿನ ಕೊರತೆಯಿಂದ ವಾಸಿಯಾಗದ ಹಾನಿಯಾಗಿತ್ತು. ಇಷ್ಟರ ವಿಷಯದಲ್ಲಿ ಯಾರ ತಕರಾರೂ ಇಲ್ಲ. ಅವನು ಎಳೆದದ್ದು ತಕ್ಕಷ್ಟೋ, ಮಿತಿಮೀರಿಯೋ? ವಿವಾದವೆಲ್ಲ ಇದೊಂದರ ಮೇಲೆ.

ಒಬ್ಬ ಮನುಷ್ಯ ಒಂದು ರಾತ್ರಿ ಎಷ್ಟು ಬಲವಾಗಿ ಎಳೆದನೆಂದು ಎಂಟೊಂಬತ್ತು ವರ್ಷಗಳ ಮೇಲೆ ತೂಗುವುದು ಯಾವ ತಕ್ಕಡಿಯಲ್ಲಿ? ತಾಯಿಯನ್ನು ಕೇಳಿದರು. ಮರಗಟ್ಟಿದ ಮೈಗೆ ಕರೆಂಟು ಹೊಡೆದಂತಾಗಿ ಸೊಂಟವೇ ಮೇಜಿನಿಂದ ಮೇಲೆದ್ದಿತು, ತನ್ನನ್ನು ಕೆಳಕ್ಕೆ ಎಳೆದುಕೊಂಡರು ಎಂಬ ಅರ್ಥದಲ್ಲಿ ಅವಳು ಹೇಳಿದಳು. ಹಾಗೆ ಮೇಲೇಳುವುದು ಸಾಧ್ಯವೇ ಇಲ್ಲವೆಂದು ತಜ್ಞರು ಹೇಳಿದರು. ನ್ಯಾಯಾಧೀಶರು ಅವಳ ಮಾತನ್ನು ಅಕ್ಷರಶಃ ಹಿಡಿಯಲಿಲ್ಲ, ಪೂರ್ತಿ ಬಿಡಲೂ ಇಲ್ಲ. ಮೇಲೇಳದಿದ್ದರೂ ಜಗ್ಗಿ ಎಳೆದದ್ದಂತೂ ನಿಜವಿರಬೇಕೆಂದು ಅರ್ಥಮಾಡಿಕೊಂಡರು. ಇಲ್ಲಿ ನಾನು ಪುಸ್ತಕ ಮುಚ್ಚಿ ಕುಳಿತದ್ದುಂಟು. ನೋವಿನ ಭಾಷೆಯೇ ಬೇರೆ. ಅದನ್ನು ಕೋರ್ಟಿನ ಭಾಷೆಗೆ ತರ್ಜುಮೆ ಮಾಡುವಾಗ ಎಷ್ಟನ್ನು ಉಳಿಸಬೇಕು, ಎಷ್ಟನ್ನು ಸೋಸಬೇಕು?

ತಾಯಿಯ ಮಾತು ಹೋಗಲಿ, ಕಾಗದವಾದರೂ ಗಟ್ಟಿಯೇ? ವಿಭಾಗದ ಮುಖ್ಯಸ್ಥರಾದ ಪ್ರೊಫೆಸರು ಹೆರಿಗೆಯ ಕೋಣೆಯಲ್ಲಿರಲಿಲ್ಲ. ಆಮೇಲೆ ಒಂದು ವರದಿ ಬರೆದರು. ತೆಗೆಯುವ ಮೊದಲು ಮಗುವಿನ ತಲೆಯನ್ನು ‘ಡಿಸ್‌ಇಂಪ್ಯಾಕ್ಟ್’ ಮಾಡಲಾಯಿತು ಎಂಬ ಮಾತು ಅದರಲ್ಲಿತ್ತು. ಸಿಕ್ಕಿಕೊಂಡದ್ದನ್ನು ಬಿಡಿಸಿದರು ಎಂದು ಅರ್ಥ. ಬಿಡಿಸಬೇಕಾಗಿ ಬಂದಿದ್ದರೆ ಗಟ್ಟಿಯಾಗಿ ಸಿಕ್ಕಿರಬೇಕು. ಗಟ್ಟಿಯಾಗಿ ಸಿಕ್ಕಿದ್ದರೆ ಅತಿಯಾಗಿ ಎಳೆದಿರಬೇಕು. ಹೀಗೆ ಒಂದು ಪದದ ಬಾಲ ಹಿಡಿದು ತರ್ಕ ಹೊರಟಿತು. ಪ್ರೊಫೆಸರು ಸಾಕ್ಷಿ ಹೇಳುವಾಗ, ತಾನು ಆ ಪದವನ್ನು ಅಷ್ಟು ಬಿಗಿಯಾದ ಅರ್ಥದಲ್ಲಿ ಬಳಸಿರಲಿಲ್ಲ, ತಲೆಯನ್ನು ಸ್ವಲ್ಪ ಮೇಲಕ್ಕೆ ತಳ್ಳಬೇಕಾಯಿತೆಂದಷ್ಟೇ ತನ್ನ ಭಾವ ಎಂದರು. ಅದು ನಿಜವೂ ಇರಬಹುದು. ತನ್ನ ಕೈಕೆಳಗಿನ ಕಿರಿಯನನ್ನು ಕಾಪಾಡುವ ಇಚ್ಛೆಯೂ ಇರಬಹುದು. ಎರಡೂ ಒಟ್ಟಿಗೇ ಇರಬಹುದು. ಕಾರಿನ ಸದ್ದನ್ನು ನಾನು ಕೇಳಿದ್ದು ಹಾಗೆಯೇ ಅಲ್ಲವೆ?

ವಿಚಾರಣೆಯ ನ್ಯಾಯಾಧೀಶರು ವೈದ್ಯನದೇ ತಪ್ಪೆಂದು ಒಂದು ಲಕ್ಷ ಪೌಂಡು ಪರಿಹಾರ ಕೊಡಿಸಿದರು. 1979ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ತಳ್ಳಿಹಾಕಿತು, ಮೂವರಲ್ಲಿ ಇಬ್ಬರ ಬಹುಮತದಿಂದ. ಆಗ ಆ ದೇಶದ ಅತ್ಯುಚ್ಚ ನ್ಯಾಯಸ್ಥಾನವಾಗಿದ್ದ ಲಾರ್ಡ್ಸ್ ಸಭೆ 1980ರ ಕೊನೆಯಲ್ಲಿ, ಮಿತಿಮೀರಿ ಎಳೆದನೆಂಬುದಕ್ಕೆ ಸಾಕ್ಷ್ಯ ಸಾಲದೆಂದು ಅದನ್ನೇ ಎತ್ತಿಹಿಡಿಯಿತು. ಹುಡುಗನಿಗೆ ಆಗ ಹನ್ನೊಂದು ತುಂಬುತ್ತಿತ್ತು. ಒಂದು ಕಾಸೂ ಸಿಗಲಿಲ್ಲ.

ಈ ಮೊಕದ್ದಮೆಯಲ್ಲಿ ಇನ್ನೊಂದು ಸಂಗತಿಯಿದೆ. ಮಗುವಿನ ಪರವಾಗಿ ಇಬ್ಬರು ದೊಡ್ಡ ತಜ್ಞರು ಕೂಡಿ ಬರೆದ ವರದಿಯನ್ನು ಅವರೂ ವಕೀಲರೂ ಒಟ್ಟಿಗೆ ಕುಳಿತು ಚರ್ಚಿಸಿ, ಕೊನೆಗೆ ವಕೀಲರೇ ತಿದ್ದಿ ರೂಪಕೊಟ್ಟಿದ್ದರು. ಅದಕ್ಕೆ ವಕಾಲತ್ತಿನ ಬಣ್ಣ ಹತ್ತಿದೆ ಎಂದು ಲಾರ್ಡ್ ಡೆನಿಂಗ್ ಆಕ್ಷೇಪಿಸಿದರು. ತಜ್ಞನ ಸಾಕ್ಷ್ಯ ತಜ್ಞನದೇ ಆಗಿರಬೇಕು, ಮೊಕದ್ದಮೆಯ ಒತ್ತಡ ಅದರ ರೂಪವನ್ನಾಗಲಿ ತಿರುಳನ್ನಾಗಲಿ ಮುಟ್ಟಬಾರದು, ಮುಟ್ಟಿಲ್ಲವೆಂದು ಕಾಣುವಂತೆಯೂ ಇರಬೇಕು ಎಂದು ಲಾರ್ಡ್ ವಿಲ್ಬರ್‌ಫೋರ್ಸ್ ಹೇಳಿದರು.

ನಮ್ಮ ನೈಯಾಯಿಕರು ಇದನ್ನು ಎಂದೋ ಹೇಳಿದ್ದರು. ಶಬ್ದ ಪ್ರಮಾಣವಾಗಬೇಕಾದರೆ ಅದು ಆಪ್ತನ ಮಾತಾಗಿರಬೇಕು. ವಸ್ತುವನ್ನು ನೇರವಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯಿಂದ ಹೇಳುವವನು ಆಪ್ತ ಎಂದು ನ್ಯಾಯಭಾಷ್ಯಕಾರ ವಾತ್ಸ್ಯಾಯನನ ಅಭಿಪ್ರಾಯ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಎಂದು ಬೇರೆ ಸೇರಿಸಿದ್ದಾನೆ. ಬರ್ಮಿಂಗ್‌ಹ್ಯಾಮಿನ ಪ್ರೊಫೆಸರರಿಗೂ ಅದು ಸಲ್ಲಬೇಕು. ಕನ್ನಡದಲ್ಲಿ ಈ ಪದ ಪಡೆದ ಪಾಡನ್ನು ನೋಡಿ. ನಮಗೆ ಆಪ್ತನೆಂದರೆ ಹತ್ತಿರದವನು, ನಮ್ಮವನು. ಯಾರ ಮಾತನ್ನು ಶಾಸ್ತ್ರ ನಂಬು ಎಂದಿತೋ ಅವನ ಹೆಸರನ್ನು, ಯಾರ ಮಾತನ್ನು ಕೋರ್ಟು ಅನುಮಾನಿಸುತ್ತದೋ ಅವನಿಗೆ ಕೊಟ್ಟುಬಿಟ್ಟಿದ್ದೇವೆ. ಹಸುಗೂಸಿನ ದಾವೆಯಲ್ಲಿ ಈ ಎರಡನೆಯ ಅರ್ಥದ ಆಪ್ತರು ಬೇಕಾದಷ್ಟು. ಮೊದಲನೆಯ ಅರ್ಥದವರು ಆ ರಾತ್ರಿ ಕೋಣೆಯಲ್ಲಿ ಇರುವುದೇ ಇಲ್ಲ.

ಹಾಗಾದರೆ ಸಂಶಯ ಬಂದಲ್ಲೆಲ್ಲ ಮಗುವೇ ಸೋಲಬೇಕೆ? ಇಂಗ್ಲೆಂಡಿನಲ್ಲೇ ಇನ್ನೊಂದು ಮಗು. 1978ರಲ್ಲಿ ಸುಮಾರು ಮೂರು ತಿಂಗಳು ಮುಂಚಿತವಾಗಿ ಹುಟ್ಟಿದ್ದು. ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ನಳಿಕೆಯನ್ನು ಅಪಧಮನಿಗೆ ಹಾಕುವ ಬದಲು ಕಿರಿಯ ವೈದ್ಯನೊಬ್ಬ ಅಭಿಧಮನಿಗೆ ಹಾಕಿದ. ಹಿರಿಯನೂ ತಪ್ಪನ್ನು ಗುರುತಿಸಲಿಲ್ಲ. ಅಳತೆ ಕಡಿಮೆ ತೋರಿತು, ಮಗುವಿಗೆ ಆಮ್ಲಜನಕ ಅತಿಯಾಯಿತು. ಮಗುವಿನ ಒಂದು ಕಣ್ಣು ಪೂರ್ತಿ ಕುರುಡಾಯಿತು, ಇನ್ನೊಂದರ ದೃಷ್ಟಿ ತೀರ ಕುಂದಿತು. ತಪ್ಪು ನಡೆದದ್ದು ನಿಶ್ಚಯ. ಆದರೆ ಅವಧಿಗೆ ಮೊದಲು ಹುಟ್ಟಿದ ಮಗುವಿಗೆ ಅದೇ ಕಣ್ಣಿನ ಬೇನೆ ಬರಲು ಬೇರೆ ನಾಲ್ಕಾರು ಕಾರಣಗಳೂ ಇದ್ದವು, ಅವೂ ಈ ಮಗುವಿನಲ್ಲಿ ಇದ್ದವು. ಇದೇ ಕಾರಣವೆಂದು ತೋರಿಸುವ ಹೊಣೆ ವಾದಿಯದು ಎಂದು 1988ರಲ್ಲಿ ಲಾರ್ಡ್ಸ್ ಸಭೆ ಹೇಳಿ, ಮೊದಲಿನಿಂದ ಮರುವಿಚಾರಣೆ ಮಾಡಿ ಎಂದಿತು. ತರ್ಕದಲ್ಲಿ ತಪ್ಪು ಹುಡುಕಲಾರೆ. ಒಂಬತ್ತು ವರ್ಷದ ಆ ಮಗುವಿಗೆ ಆ ತರ್ಕವನ್ನು ವಿವರಿಸಲೂ ಆರೆ.

ಅದೇ ಕಣ್ಣಿನ ಬೇನೆ ನಮ್ಮ ದೇಶದ ಒಂದು ಮೊಕದ್ದಮೆಯಲ್ಲೂ ಬಂತು. 1996ರಲ್ಲಿ ಚೆನ್ನೈನ ಎಗ್ಮೋರಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಹೆಣ್ಣುಮಗು ಇಪ್ಪತ್ತೊಂಬತ್ತನೆಯ ವಾರದಲ್ಲೇ ಹುಟ್ಟಿತು. ತೂಕ 1250 ಗ್ರಾಂ. ಸುಮಾರು 25 ದಿನ ಇನ್‌ಕ್ಯುಬೇಟರಿನಲ್ಲಿಟ್ಟು, ಆಮ್ಲಜನಕ ಕೊಟ್ಟು, ಬದುಕಿಸಿ ಮನೆಗೆ ಕಳಿಸಿದರು. ಬದುಕಿಸಿದ್ದು ಸಣ್ಣ ಮಾತಲ್ಲ. ಆದರೆ ಅಂಥ ಮಕ್ಕಳ ಅಕ್ಷಿಪಟದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕಣ್ಣು ಹೋಗುವ ಅಪಾಯವಿದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಕಣ್ಣಿನ ವೈದ್ಯರು ನೋಡಿದರೆ ತಡೆಯುವ ಅವಕಾಶವುಂಟು. ನೋಡಲಿಲ್ಲ. ತಂದೆತಾಯಿಗೆ ತಿಳಿದಾಗ ಕಾಲ ಮಿಂಚಿತ್ತು. ಎರಡು ಕಣ್ಣೂ ಹೋದವು.

ಅಲ್ಲಿ ಎಲ್ಲವೂ ಒಂದು ಕಾಗದದ ಮೇಲೆ ನಿಂತಿತು. ಬಿಡುಗಡೆಯ ದಿನ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯಲ್ಲಿ, ಅಪಾಯದ ಚಿಹ್ನೆಗಳನ್ನು ತಿಳಿಸಲಾಗಿದೆ ಎಂಬ ಅರ್ಥದ ನಾಲ್ಕು ಮಾತಿತ್ತು. ಕಣ್ಣಿನ ಸುದ್ದಿಯೇ ಇರಲಿಲ್ಲ. ಆ ನಾಲ್ಕು ಮಾತಿನಿಂದ, ಕಣ್ಣಿನ ಬೇನೆಯ ಎಚ್ಚರಿಕೆ ಕೊಟ್ಟಿದ್ದರೆಂದು ಊಹಿಸಲು ತಾನು ಸಿದ್ಧವಿಲ್ಲ ಎಂದು ಸುಪ್ರೀಂ ಕೋರ್ಟು 2015ರ ಜುಲೈಯಲ್ಲಿ ಹೇಳಿತು. 2009ರಲ್ಲಿ ರಾಷ್ಟ್ರೀಯ ಆಯೋಗ ಕೊಡಿಸಿದ್ದ ಪರಿಹಾರ 5 ಲಕ್ಷ ರೂಪಾಯಿ. ಸುಪ್ರೀಂ ಕೋರ್ಟು ಅದನ್ನು ಸುಮಾರು 1 ಕೋಟಿ 80 ಲಕ್ಷಕ್ಕೆ ಏರಿಸಿತು. ಮಗು ಹುಟ್ಟಿ ಹತ್ತೊಂಬತ್ತು ವರ್ಷವಾಗುತ್ತ ಬಂದಿತ್ತು.

ಇಲ್ಲದ್ದು ಕೂಡ ಸಾಕ್ಷ್ಯವಾಗಬಲ್ಲದೆ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಒಂದು ಪ್ರಮಾಣವೆಂದು ಒಪ್ಪಿದ್ದಾರೆ. ಮಡಕೆ ಕಾಣದಿರುವುದರಿಂದಲೇ ಇಲ್ಲಿ ಮಡಕೆಯಿಲ್ಲವೆಂದು ತಿಳಿಯುತ್ತದೆ. ಆದರೆ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂಥ ಸ್ಥಳದಲ್ಲಿ ಮಾತ್ರ. ಕತ್ತಲಲ್ಲಿ ಕಾಣದ್ದಕ್ಕೆ ಬೆಲೆಯಿಲ್ಲ. ಡಿಸ್ಚಾರ್ಜ್ ಸಮ್ಮರಿ ಬೆಳಕಿರುವ ಸ್ಥಳ. ಎಚ್ಚರಿಕೆ ಕೊಟ್ಟಿದ್ದರೆ ಅಲ್ಲಿ ಬರೆದಿರಬೇಕಿತ್ತು. ಬರೆಯುವ ಕೈ ಆಸ್ಪತ್ರೆಯದು, ಕಾಗದ ಆಸ್ಪತ್ರೆಯದು. ಬರೆಯದ್ದರ ಫಲವನ್ನು ಮಗುವಿನ ತಲೆಗೆ ಕಟ್ಟುವುದು ಹೇಗೆ? ತಾಯಿಯ ನೆನಪನ್ನೂ ನನ್ನಂಥವನ ಕಿವಿಯನ್ನೂ ನೆಚ್ಚದೆ ನ್ಯಾಯ ದೊರಕಿದ ಈ ತೀರ್ಪು ನನಗೆ ಸಮಾಧಾನ ಕೊಟ್ಟಿತು. ಎಲ್ಲ ರಾತ್ರಿಗಳಿಗೂ ಈ ಬೆಳಕು ಬೀಳುವುದಿಲ್ಲ ಎಂಬುದೂ ಗೊತ್ತು. ನಮ್ಮ ಕೇಸ್ ಶೀಟಿನಲ್ಲಿ ಬರೆಯಬೇಕಾದದ್ದನ್ನೆಲ್ಲ ಬರೆದಿತ್ತು.

ಬರ್ಮಿಂಗ್‌ಹ್ಯಾಮಿನ ಮೇಲ್ಮನವಿಯಲ್ಲಿ ಮಗುವಿನ ವಿರುದ್ಧ ಮತಕೊಟ್ಟ ಲಾರ್ಡ್ ಜಸ್ಟಿಸ್ ಲಾಟನ್, ಇಂಥವರನ್ನು ಸಮಾಜವೇ ನೋಡಿಕೊಳ್ಳಬೇಕು, ಮೊಕದ್ದಮೆಯ ಜೂಜಿಗೆ ಬಿಡಬಾರದು ಎಂಬ ಅಭಿಪ್ರಾಯ ಕೊಟ್ಟರು. ತಪ್ಪು ಯಾರದೆಂದು ಕೇಳದೆ ಗಾಯಗೊಂಡವರನ್ನು ಪೋಷಿಸುವ ಏರ್ಪಾಡು ನ್ಯೂಜಿಲೆಂಡಿನಲ್ಲಿ 1974ರಿಂದ ಇದೆ. ಒಂದು ಮಗುವಿನ ಅನ್ನ, ಔಷಧ, ವ್ಯಾಯಾಮಗಳ ಖರ್ಚು ಇನ್ನೊಬ್ಬನ ಅಪರಾಧ ಸಾಬೀತಾಗುವುದನ್ನು ಕಾಯುತ್ತ ಕೂರುವುದು ನ್ಯಾಯವಲ್ಲ ಎಂದು ನನಗೂ ತೋರುತ್ತದೆ. ಅನ್ನದ ಚಿಂತೆಯಿಲ್ಲದಿದ್ದರೆ ನಮ್ಮಂಥ ಸಾಕ್ಷಿಗಳೂ ಸ್ವಲ್ಪ ಹೆಚ್ಚು ನಿಜ ಹೇಳಿಯೇವು.

ಆದರೆ ಅಷ್ಟಕ್ಕೆ ಮುಗಿಯುವುದಿಲ್ಲ. ನನ್ನ ತಂಗಿ ಒಮ್ಮೆ, “ದುಡ್ಡಿನ ಮಾತು ಬಿಡು ಅಣ್ಣ, ಒಳಗೆ ಏನಾಯಿತು ಅಂತ ಯಾರಾದರೂ ಹೇಳಿದರೆ ಸಾಕಾಗಿತ್ತು” ಎಂದಳು. (ದುಡ್ಡೂ ಬೇಕಾಗಿತ್ತು, ವ್ಯಾಯಾಮದ ಚಿಕಿತ್ಸೆಗೆ ಅವಳ ಎರಡು ಬಳೆ ಹೋದವು.) ತಿಳಿಯುವ ಹಕ್ಕನ್ನು ಯಾವ ನಿಧಿಯಿಂದ ಪಾವತಿ ಮಾಡುವುದು? ದಾವೆಯ ಭಯವಿದ್ದರೆ ವೈದ್ಯರು ಬಾಯಿಬಿಡುವುದಿಲ್ಲ. ದಾವೆಯೇ ಇಲ್ಲದಿದ್ದರೆ ಯಾರೂ ಅವರನ್ನು ಕೇಳುವುದಿಲ್ಲ. ಚೆನ್ನೈನ ತಂದೆ ನ್ಯಾಯಸ್ಥಾನದ ಮೆಟ್ಟಿಲು ಹತ್ತದೇ ಹೋಗಿದ್ದರೆ, ಆ ಕಾಗದದಲ್ಲಿ ಕಣ್ಣಿನ ಮಾತು ಇರಬೇಕಾಗಿತ್ತೆಂದು ದೇಶದ ಅತ್ಯುಚ್ಚ ನ್ಯಾಯಸ್ಥಾನ ಹೇಳುವ ಸಂದರ್ಭವೇ ಬರುತ್ತಿರಲಿಲ್ಲ.

ನಾನು ರುಜು ಹಾಕದ್ದನ್ನು ಕೆಲವು ಕಾಲ ಸತ್ಯನಿಷ್ಠೆಯೆಂದು ಎಣಿಸಿ ಒಳಗೊಳಗೇ ಬೀಗಿದ್ದೆ. ಈಗ ಹಾಗೆ ತೋರುವುದಿಲ್ಲ. ಇನ್ನೊಬ್ಬರ ತೋಳಿನ ಖರ್ಚಿನಲ್ಲಿ ಸತ್ಯವಂತನಾಗುವುದು ಸುಲಭ. ನನಗೆ ಇನ್ನೊಂದು ದಾರಿಯೂ ಇತ್ತು. ಕಾರಿನ ಸದ್ದು ಕೇಳಿದೆ, ಅಳು ಕೇಳಿದೆ, ಜನರೇಟರು ಓಡುತ್ತಿತ್ತು, ಯಾವುದು ಮೊದಲೆಂದು ಹೇಳಲಾರೆ ಎಂದು ಬರೆದು ರುಜು ಹಾಕಬಹುದಾಗಿತ್ತು. ಅಷ್ಟನ್ನು ಬೇರೆಯವರ ಮಾತಿನ ಜೊತೆ ಇಟ್ಟು ತೂಗುವುದು ಕೋರ್ಟಿನ ಕೆಲಸ. ಅರ್ಧ ತಿಳಿದದ್ದಕ್ಕೆ ಅಲ್ಲಿ ಬೆಲೆಯಿಲ್ಲವೆಂದು ನಾನೇ ತೀರ್ಪು ಕೊಟ್ಟು ಸುಮ್ಮನಾದೆ. ಪಾಟೀಸವಾಲಿನಲ್ಲಿ ಪೆಚ್ಚಾಗುವ ಹೆದರಿಕೆಯೂ ಅದರಲ್ಲಿ ಸೇರಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಐದಾರು ವರ್ಷಗಳ ಮೇಲೆ ಆ ಡಾಕ್ಟರಮ್ಮ ಮಾರ್ಕೆಟ್ಟಿನಲ್ಲಿ ಸಿಕ್ಕಿದರು. ಗುರುತು ಹಿಡಿದು, “ಹುಡುಗ ಹೇಗಿದ್ದಾನೆ? ಕೈ ಎಷ್ಟು ಎತ್ತುತ್ತಾನೆ?” ಎಂದು ಕೇಳಿದರು. ಯಾವ ಕೈ ಎಂದು ಕೇಳಲಿಲ್ಲ, ಅವರಿಗೆ ನೆನಪಿತ್ತು. ನಾನು “ಚೆನ್ನಾಗಿದ್ದಾನೆ” ಎಂದು ಹೇಳಿ ಬಂದೆ. ಅಂದು ಕಾರು ಯಾವಾಗ ಬಂತು ಎಂದು ಅವರನ್ನೇ ಕೇಳಬಹುದಾಗಿತ್ತು.

ಹುಡುಗ ಈಗ ದೊಡ್ಡವನಾಗಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಹಳೆಯ ಟ್ರಂಕು ತೆಗೆದಾಗ ಆ ಅಫಿಡವಿಟ್ಟು ಅವನ ಕೈಗೆ ಸಿಕ್ಕಿತು. ರುಜುವಿನ ಜಾಗ ಖಾಲಿ ಇದ್ದದ್ದನ್ನು ನೋಡಿ, ನಗುತ್ತ, “ಏನು ಮಾವ, ಕಾರು ಮೊದಲೋ ನಾನು ಮೊದಲೋ?” ಎಂದ.

“ಗೊತ್ತಿಲ್ಲ ಕಣೋ.”

ಅವನು ಕಾಗದವನ್ನು ಇನ್ನೊಮ್ಮೆ ಓದಿದ. ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟುಕೊಂಡು, ಹಾಳೆಯನ್ನು ಅದರ ಕೆಳಗೆ ಒತ್ತಿ ಹಿಡಿದು, ಮೊದಲಿದ್ದ ಮಡಿಕೆಗಳಲ್ಲೇ ಮತ್ತೆ ಮಡಿಸತೊಡಗಿದ.